ನಿಮಗಿದು ಗೊತ್ತೇ? ಚೆನ್ನೈ–ಪೋರ್ಟ್ ಬ್ಲೇರ್: ಎರಡು ಗಂಟೆಯ ಕಡಲು

● ಚೆನ್ನೈ ವಿಮಾನ ನಿಲ್ದಾಣದಿಂದ ಅಂಡಮಾನಿನ ಪೋರ್ಟ್ ಬ್ಲೇರ್ ನಿಲ್ದಾಣಕ್ಕೆ ನೇರ ದೂರ ಸುಮಾರು 1,370 ಕಿಲೋಮೀಟರ್. ಪೈಲಟ್‌ಗಳ ಮತ್ತು ನಾವಿಕರ ಲೆಕ್ಕದಲ್ಲಿ 740 ನಾಟಿಕಲ್ ಮೈಲಿ. ವೇಳಾಪಟ್ಟಿಯಲ್ಲಿ ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಗಂಟೆ ಹತ್ತು ಅಥವಾ ಇಪ್ಪತ್ತು ನಿಮಿಷ ಕೊಟ್ಟಿರುತ್ತಾರೆ. ಚೆನ್ನೈ ಕರಾವಳಿ ಹಿಂದೆ ಸರಿದ ಮೇಲೆ ಅಂಡಮಾನಿನ ಹಸಿರು ಕಾಣುವ ತನಕ ಕೆಳಗೆ ಅಂಗೈಯಗಲ ನೆಲವೂ ಇಲ್ಲ.

● ಪ್ರವಾಸಿ ಕೈಪಿಡಿಗಳಲ್ಲಿ ಮಾತ್ರ ಈ ದೂರ 1,190 ಕಿ.ಮೀ. ಎಂದೇ ಅಚ್ಚಾಗುತ್ತ ಬಂದಿದೆ. ಯಾವುದು ಸರಿ? ಶಾಲೆಯ ಅಟ್ಲಾಸ್ ತೆಗೆದು ನೀವೇ ನೋಡಿ. ಚೆನ್ನೈ ನಿಲ್ದಾಣ ಇರುವುದು 80.2 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ 92.7ರಲ್ಲಿ. ನಡುವೆ ಹನ್ನೆರಡೂವರೆ ಡಿಗ್ರಿ. ಸಮಭಾಜಕದ ಮೇಲೆ ಒಂದು ಡಿಗ್ರಿಗೆ 111 ಕಿ.ಮೀ. ಆದರೆ ಈ ಅಕ್ಷಾಂಶದಲ್ಲಿ ಅದು 108.7ಕ್ಕೆ ಇಳಿಯುತ್ತದೆ. ಗುಣಿಸಿದರೆ 1,359. ಪೋರ್ಟ್ ಬ್ಲೇರ್ ಚೆನ್ನೈಗಿಂತ ತುಸು ದಕ್ಷಿಣಕ್ಕಿರುವುದರಿಂದ ಇನ್ನು ಹತ್ತು ಕಿ.ಮೀ. ಆಸುಪಾಸು ಕೂಡಿಸಬೇಕು. ಹೇಗೆ ಅಳೆದರೂ 1,190 ಬರುವುದಿಲ್ಲ.

● ಪೋರ್ಟ್ ಬ್ಲೇರ್‌ನ ಹೆಸರು 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ. ಜನರ ಬಾಯಲ್ಲಿ ಇನ್ನೂ ಹಳೆಯದೇ ಓಡಾಡುತ್ತಿರುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ. ಆ ಹೆಸರು 1789ರಲ್ಲಿ ಇಲ್ಲಿ ಮೊದಲ ಬ್ರಿಟಿಷ್ ನೆಲೆ ಕಟ್ಟಿದ ಆರ್ಚಿಬಾಲ್ಡ್ ಬ್ಲೇರ್‌ನದು. ರೋಗರುಜಿನಗಳ ಕಾಟ ತಾಳಲಾರದೆ 1796ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟರು.

● ತಮಿಳು ಕರಾವಳಿಯಿಂದ ಈ ದ್ವೀಪಗಳತ್ತ ಹಡಗು ಹೊರಟದ್ದು ಬ್ರಿಟಿಷರಿಗಿಂತ ಎಷ್ಟೋ ಮೊದಲು. ರಾಜೇಂದ್ರ ಚೋಳನ ಕಾಲದ ತಂಜಾವೂರು ಶಾಸನದಲ್ಲಿ ನಿಕೋಬಾರ್ ‘ಮಾ ನಕ್ಕವರಂ’ ಎಂದು ಕಾಣಿಸುತ್ತದೆ. ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನ ಮಾತು.

● ಬೆಂಗಳೂರಿನಿಂದ? ಸುಮಾರು 1,640 ಕಿ.ಮೀ. ದಿಕ್ಕು ಹೆಚ್ಚುಕಡಿಮೆ ನೇರ ಪೂರ್ವ. ಇಲ್ಲೊಂದು ಸೊಗಸಾದ ಲೆಕ್ಕವಿದೆ. ಎರಡು ಊರುಗಳ ರೇಖಾಂಶದ ಅಂತರ 15 ಡಿಗ್ರಿ. ಭೂಮಿ ಗಂಟೆಗೆ ತಿರುಗುವುದೂ 15 ಡಿಗ್ರಿ. ಹಾಗಾಗಿ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ನೆತ್ತಿಗೆ ಬಂದ ಸರಿಯಾಗಿ ಒಂದು ಗಂಟೆಯ ನಂತರ ಬೆಂಗಳೂರಿನಲ್ಲಿ ನಡುಹಗಲು. ಮಂಗಳೂರಿಗೆ ಇನ್ನೂ ಹನ್ನೊಂದು ನಿಮಿಷ ತಡ.

● ಗಡಿಯಾರ ಮಾತ್ರ ಎಲ್ಲ ಕಡೆಯೂ ಒಂದೇ. ಡಿಸೆಂಬರ್‌ನಲ್ಲಿ ಅಂಡಮಾನಿನ ಸೂರ್ಯ ಸಂಜೆ ಐದರ ಆಸುಪಾಸಿಗೇ ಮುಳುಗಿಬಿಡುತ್ತಾನೆ. ಮಧ್ಯಾಹ್ನದ ವಿಮಾನಕ್ಕೆ ಹೋಗಿ ಇಳಿದವರಿಗೆ ಸಮುದ್ರ ನೋಡಲು ಬೆಳಕೇ ಉಳಿದಿರುವುದಿಲ್ಲ. ಹೋಗುವುದಾದರೆ ಬೆಳಗಿನ ಜಾವದ ವಿಮಾನವನ್ನೇ ಹಿಡಿಯಿರಿ.

● ಪೋರ್ಟ್ ಬ್ಲೇರ್‌ನಿಂದ ಯಾಂಗೊನ್‌ಗೆ ಸುಮಾರು 690 ಕಿ.ಮೀ., ಥಾಯ್ಲೆಂಡಿನ ಫುಕೆಟ್‌ಗೆ 730, ಸುಮಾತ್ರದ ಬಂದಾ ಆಚೆಗೆ 740, ಬ್ಯಾಂಕಾಕ್‌ಗೆ 900. ಕೌಲಾಲಂಪುರ ಮತ್ತು ಚೆನ್ನೈ ಎರಡೂ ಹೆಚ್ಚುಕಡಿಮೆ ಸಮದೂರ. ನಮ್ಮ ಭೂಪಟಗಳಲ್ಲಿ ಜಾಗ ಸಾಲದೆ ಈ ದ್ವೀಪಗಳನ್ನು ಮೂಲೆಯ ಚೌಕವೊಂದಕ್ಕೆ ಸೇರಿಸುವುದುಂಟು. ಹಾಗಾಗಿ ಅವು ಎಷ್ಟು ಆಚೆಗಿವೆ ಎಂಬ ಅಂದಾಜೇ ಮಕ್ಕಳಿಗೆ ಸಿಗುವುದಿಲ್ಲ. ಆ ಚೌಕವನ್ನು ತೆಗೆದು ಅಳತೆಗೆ ಸರಿಯಾದ ಜಾಗದಲ್ಲೇ ದ್ವೀಪಗಳನ್ನು ತೋರಿಸುವ ಭೂಪಟ ಪ್ರತಿ ತರಗತಿಯಲ್ಲೂ ಇರಬೇಕು.

● ವಿಮಾನ, ಆಸ್ಪತ್ರೆ, ಓದು ಎಂದರೆ ದ್ವೀಪದವರಿಗೆ ಮೊದಲು ನೆನಪಾಗುವುದು ಚೆನ್ನೈ. ಕೋರ್ಟು ಎಂದರೆ ಕೋಲ್ಕತ್ತ. ಅಂಡಮಾನ್–ನಿಕೋಬಾರ್ ಕಲ್ಕತ್ತ ಹೈಕೋರ್ಟಿನ ವ್ಯಾಪ್ತಿಯಲ್ಲಿದೆ, ಅದರ ಸಂಚಾರಿ ಪೀಠ ಪೋರ್ಟ್ ಬ್ಲೇರ್‌ಗೆ ಬರುತ್ತದೆ. ಪಿನ್‌ಕೋಡ್ ಕೂಡ ಪಶ್ಚಿಮ ಬಂಗಾಳದ್ದರಂತೆ 7ರಿಂದಲೇ ಶುರು: 744101.

● ಎರಡು ಗಂಟೆ ಇಪ್ಪತ್ತು ನಿಮಿಷ ಎಂದಿದ್ದರೂ ವಿಮಾನ ಗಾಳಿಯಲ್ಲಿರುವುದು ಎರಡು ಗಂಟೆಗಿಂತ ಕಡಿಮೆ. ವೇಳಾಪಟ್ಟಿಯ ಸಮಯ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಅತ್ತ ನಿಂತ ಮೇಲೆ. ರನ್‌ವೇಗೆ ತೆವಳಿಕೊಂಡು ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಟರ್ಮಿನಲ್‌ವರೆಗೆ ಬರುವುದು, ಎಲ್ಲ ಅದರೊಳಗೇ ಸೇರಿದೆ.

● ಹೋಗುವ ಹೊತ್ತು, ಬರುವ ಹೊತ್ತು ಒಂದೇ ಅಲ್ಲ. ಕಾರಣ ಗಾಳಿ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಜೋರುಗಾಳಿಯ ಒಂದು ಹೊಳೆಯೇ ಹರಿಯುತ್ತಿರುತ್ತದೆ. ಈ ಪೂರ್ವಮಾರುತ ಪ್ರವಾಹವನ್ನು 1950ರ ದಶಕದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ತೀವ್ರ ಭಾಗ ಇರುವುದು ಪ್ರಯಾಣಿಕ ವಿಮಾನಗಳ ಎತ್ತರಕ್ಕಿಂತ ಮೇಲೆ, ಆದರೂ ಅದರ ಸೆಳೆತ 10–11 ಕಿ.ಮೀ. ಎತ್ತರಕ್ಕೂ ತಾಗುತ್ತದೆ. ವಿಮಾನದ ವೇಗ ಗಂಟೆಗೆ 830 ಕಿ.ಮೀ., ಎದುರುಗಾಳಿ 70 ಎಂದಿಟ್ಟುಕೊಳ್ಳಿ. 1,370 ಕಿ.ಮೀ. ದಾಟಲು ಅಂಡಮಾನಿಗೆ ಹೋಗುವಾಗ 108 ನಿಮಿಷ ಬೇಕು, ಬರುವಾಗ ಅದೇ ಗಾಳಿ ಬೆನ್ನಿಗಿರುವುದರಿಂದ 91 ನಿಮಿಷ ಸಾಕು. ಒಂದೇ ದಾರಿ, ಒಂದೇ ವಿಮಾನ, 17 ನಿಮಿಷದ ಅಂತರ.

● ಅರ್ಧದಾರಿ ಎಲ್ಲಿ ಬರುತ್ತದೆ? ಅಳತೆಯಲ್ಲಿ ಚೆನ್ನೈಯಿಂದ 685 ಕಿ.ಮೀ.ಗೆ. ಆದರೆ ಪೈಲಟ್‌ಗೆ ಬೇಕಾದ ಅರ್ಧದಾರಿ ಬೇರೆ. ನಡುಗಡಲಲ್ಲಿ ಏನಾದರೂ ಕೆಟ್ಟರೆ ಮುಂದೆ ಹೋಗುವುದೋ, ಹಿಂದೆ ತಿರುಗುವುದೋ? ಎರಡಕ್ಕೂ ಒಂದೇ ಹೊತ್ತು ಹಿಡಿಯುವ ಬಿಂದುವನ್ನು ಹೊರಡುವ ಮೊದಲೇ ಗುರುತು ಹಾಕಿಕೊಂಡಿರುತ್ತಾರೆ. ಮೇಲಿನ ಲೆಕ್ಕದ ಎದುರುಗಾಳಿಯಿದ್ದರೆ ಆ ಬಿಂದು 743 ಕಿ.ಮೀ.ಗೆ ಜರುಗುತ್ತದೆ. ಅಂದರೆ ಅರ್ಧ ದಾಟಿ 58 ಕಿ.ಮೀ. ಹೋಗುವ ತನಕವೂ ವಾಪಸು ಚೆನ್ನೈಗೇ ಬೇಗ ತಲುಪಬಹುದು.

● ಎರಡು ಎಂಜಿನ್ನಿನ ವಿಮಾನ, ವಿಶೇಷ ಅನುಮತಿ ಇಲ್ಲದಿದ್ದರೆ, ಒಂದೇ ಎಂಜಿನ್ನಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ನಿಲ್ದಾಣದಿಂದ ಆಚೆಗೆ ಹೋಗಬಾರದು ಎಂಬುದು ವಿಮಾನಯಾನದ ಹಳೆಯ ನಿಯಮ. ಚೆನ್ನೈ–ಪೋರ್ಟ್ ಬ್ಲೇರ್ ದಾರಿಯ ನಡುಮಧ್ಯ ಆ ಮಿತಿಯ ಅಂಚಿಗೆ ಹತ್ತಿರ ಬರುತ್ತದೆ. ದೇಶದೊಳಗಿನ ಹಾರಾಟವೇ ಆದರೂ ಇದು ಬೆಂಗಳೂರು–ಹೈದರಾಬಾದ್ ನಡುವಿನ ಹಾರಾಟದಂಥದ್ದಲ್ಲ.

● ಬೆಂಗಳೂರಿನಲ್ಲಿ ಮಂಜು ಕವಿದರೆ ವಿಮಾನ ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ಇಳಿಯುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ಮಳೆಮೋಡ ಅಡ್ಡ ಬಂದರೆ? ಪ್ರಯಾಣಿಕ ಜೆಟ್‌ಗೆ ಪಕ್ಕದ ಊರು ಅಂತ ಒಂದಿಲ್ಲ. ಅದಕ್ಕೇ ಮತ್ತೆ ಮುಖ್ಯಭೂಮಿಗೆ ಮರಳುವಷ್ಟು ಇಂಧನ ಹೊತ್ತುಕೊಂಡೇ ಹೊರಡುವುದು. ದ್ವೀಪದ ಮೇಲೆ ಸುತ್ತು ಹಾಕಿ, ಇಳಿಯಲಾಗದೆ, ಚೆನ್ನೈಗೇ ವಾಪಸಾದ ವಿಮಾನಗಳ ಸುದ್ದಿ ಆಗಾಗ ಬರುತ್ತಿರುತ್ತದೆ. ನಾಲ್ಕು ಗಂಟೆಗೂ ಮೀರಿ ಹಾರಿ, ಹೊರಟಲ್ಲಿಗೇ ಬಂದು ಇಳಿದವರಲ್ಲಿ ರಜೆಗೆ ಹೊರಟವರಷ್ಟೇ ಇರುವುದಿಲ್ಲ. ಚೆನ್ನೈನಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಹೊರಟ ದ್ವೀಪದ ರೋಗಿಗಳೂ ಇರುತ್ತಾರೆ.

● ಪೋರ್ಟ್ ಬ್ಲೇರ್‌ನ ರನ್‌ವೇ ನೌಕಾಪಡೆಯ ‘ಐಎನ್ಎಸ್ ಉತ್ಕ್ರೋಶ್’ ನೆಲೆಗೆ ಸೇರಿದ್ದು. ಪ್ರಯಾಣಿಕರ ಟರ್ಮಿನಲ್ ಅದರ ಒಂದು ಬದಿಗಿದೆ. ಬಹುಕಾಲ ಇಲ್ಲಿ ಪ್ರಯಾಣಿಕ ವಿಮಾನಗಳು ಬಂದುಹೋಗುತ್ತಿದ್ದದ್ದು ಹಗಲಲ್ಲಿ ಮಾತ್ರ. ಕಪ್ಪೆಚಿಪ್ಪಿನ ಆಕಾರದ ಈಗಿನ ಟರ್ಮಿನಲ್ ತೆರೆದದ್ದು 2023ರ ಜುಲೈನಲ್ಲಿ. ವರ್ಷಕ್ಕೆ 50 ಲಕ್ಷ ಜನರನ್ನು ತಾಳಿಕೊಳ್ಳಬಲ್ಲದು.

● ಈ ನಿಲ್ದಾಣಕ್ಕೆ ವಿನಾಯಕ ದಾಮೋದರ ಸಾವರ್ಕರ್ ಅವರ ಹೆಸರು. ಅವರು ಇಲ್ಲಿಗೆ ಬಂದದ್ದು 1911ರ ಜುಲೈ 4ರಂದು, ಮದ್ರಾಸಿನಿಂದ ಹೊರಟ ‘ಎಸ್.ಎಸ್. ಮಹಾರಾಜ’ ಎಂಬ ಹಡಗಿನಲ್ಲಿ, ಕೈದಿಯಾಗಿ. ಹತ್ತು ವರ್ಷ ಸೆಲ್ಯುಲರ್ ಜೈಲಿನಲ್ಲಿದ್ದರು. ಆ ಜೈಲಿನ ಕೆಲಸ 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದಿತ್ತು. ನಕ್ಷತ್ರದ ಕಿರಣಗಳಂತೆ ಚಾಚಿದ ಏಳು ಸಾಲು, 690ಕ್ಕೂ ಹೆಚ್ಚು ಕೋಣೆ. ಒಂದು ಸಾಲಿನವರಿಗೆ ಎದುರಿನ ಸಾಲಿನ ಬೆನ್ನು ಮಾತ್ರ ಕಾಣುವಂತೆ ಕಟ್ಟಿದ್ದರು. ಬ್ರಿಟಿಷರಿಗೆ ಈ ಕಡಲಿನ ದೂರವೇ ಮೊದಲ ಜೈಲು. ಗೋಡೆ ಬಂದದ್ದು ಆಮೇಲೆ. 1858ರಲ್ಲಿ ಕಲ್ಕತ್ತೆಯಿಂದ ತಂದ ಮೊದಲ 200 ಕೈದಿಗಳಿಗೆ ಜೈಲಿನ ಕಟ್ಟಡವೇ ಇರಲಿಲ್ಲ. ಕಾಡು ಕಡಿದು ತಮ್ಮ ನೆಲೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

● ಬೆಂಗಳೂರಿನ ಎಂ.ಜಿ. ರಸ್ತೆಯ ತುದಿಯ ಮೇಯೋ ಹಾಲ್‌ಗೂ ಅಂಡಮಾನಿಗೂ ನಂಟಿದೆ. ವೈಸ್‌ರಾಯ್ ಲಾರ್ಡ್ ಮೇಯೋ ಕೊಲೆಯಾದದ್ದು 1872ರ ಫೆಬ್ರುವರಿ 8ರಂದು, ಪೋರ್ಟ್ ಬ್ಲೇರ್ ಬಂದರಿನ ಆಚೆ ದಡದ ಹೋಪ್‌ಟೌನ್ ಜೆಟ್ಟಿಯಲ್ಲಿ, ಶೇರ್ ಅಲಿ ಎಂಬ ಕೈದಿಯ ಚೂರಿಯಿಂದ. ಆಗ ದ್ವೀಪಕ್ಕೆ ತಂತಿಯ ಸಂಪರ್ಕವಿರಲಿಲ್ಲ. ಇಡೀ ಭಾರತವನ್ನು ಆಳುತ್ತಿದ್ದವನು ಸತ್ತ ಸುದ್ದಿ ರಾಜಧಾನಿ ಕಲ್ಕತ್ತೆಗೆ ಮುಟ್ಟಲು ಹಡಗೇ ಹೋಗಬೇಕಾಯಿತು.

● 1943ರ ಡಿಸೆಂಬರ್ 29ರಂದು ನೇತಾಜಿ ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರ್‌ಗೆ ಬಂದದ್ದು ವಿಮಾನದಲ್ಲಿ. ಮರುದಿನ ಅಲ್ಲಿ ತ್ರಿವರ್ಣ ಧ್ವಜ ಏರಿಸಿದರು. ದ್ವೀಪ ಆಗ ಜಪಾನೀಯರ ಕೈಯಲ್ಲಿತ್ತು.

● ವಿಮಾನಗಳ ತಾಕತ್ತು ಕಡಿಮೆ ಇದ್ದ ಕಾಲದಲ್ಲಿ ಕಲ್ಕತ್ತೆಯಿಂದ ಹೊರಟ ವಿಮಾನ ರಂಗೂನಿನಲ್ಲಿ ಇಳಿದು, ಇಂಧನ ತುಂಬಿಸಿಕೊಂಡು ಪೋರ್ಟ್ ಬ್ಲೇರ್‌ಗೆ ಬರುತ್ತಿತ್ತು. ಭಾರತದ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ನಡುವೆ ಪರದೇಶದಲ್ಲಿ ಇಳಿಯಬೇಕಿತ್ತು!

● ಚೆನ್ನೈಯಿಂದ ಹಡಗಿನಲ್ಲಿ ಈಗಲೂ ಹೋಗಬಹುದು. ಸುಮಾರು 60 ಗಂಟೆ ಹಿಡಿಯುತ್ತದೆ, ಕಡಲು ಕೆರಳಿದರೆ ಇನ್ನೂ ಹೆಚ್ಚು. ಮಂಚದ ಮೇಲೆ ಮಂಚ ಜೋಡಿಸಿದ ಬಂಕ್ ದರ್ಜೆಯೇ ಅಗ್ಗ. ಸಾಮಾನು ಹೆಚ್ಚಿರುವ, ಕೈಯಲ್ಲಿ ಕಾಸು ಕಡಿಮೆ ಇರುವ ದ್ವೀಪದ ಕುಟುಂಬಗಳಿಗೆ ಇದು ಬೇಕೇ ಬೇಕು.

● ಈ ದಾರಿಯಲ್ಲಿ ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಗೂ ಗೋಳದ ಮೇಲಿನ ಅತಿ ಹತ್ತಿರದ ಗೆರೆಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ದೂರದ ಪಯಣದಲ್ಲಿ ಹಾಗಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 14,000 ಕಿ.ಮೀ. ಹಾರಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಬಂದಿತ್ತು. ಅದರ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು.

● ಕಿಟಕಿಯಿಂದ ಕಾಣುವ ನೀರಿನಡಿಯಲ್ಲಿ ಹಿಮಾಲಯವಿದೆ. ಉತ್ಪ್ರೇಕ್ಷೆಯಲ್ಲ! ಗಂಗೆ, ಬ್ರಹ್ಮಪುತ್ರೆಗಳು ಬೆಟ್ಟವನ್ನು ಸವೆಸಿ ತಂದ ಮಣ್ಣು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಬೀಸಣಿಗೆಯಂತೆ ಹರಡಿ ಕೂತಿದೆ. ಉತ್ತರದ ತುದಿಯಲ್ಲಿ ಅದರ ದಪ್ಪ 16 ಕಿ.ಮೀ.ಗೂ ಹೆಚ್ಚು. ಲೋಕದಲ್ಲಿ ಇದಕ್ಕಿಂತ ದೊಡ್ಡ ಕಡಲಡಿಯ ಮಣ್ಣಿನ ಹಾಸು ಇನ್ನೊಂದಿಲ್ಲ.

● 2016ರ ಜುಲೈ 22. ಚೆನ್ನೈ ಬಳಿಯ ತಾಂಬರಂ ವಾಯುನೆಲೆಯಿಂದ ಬೆಳಗ್ಗೆ ಎಂಟೂವರೆಗೆ ವಾಯುಪಡೆಯ ಎಎನ್–32 ವಿಮಾನ ಪೋರ್ಟ್ ಬ್ಲೇರ್‌ಗೆ ಹೊರಟಿತು. ಒಳಗೆ 29 ಜನ. ಪ್ರೊಪೆಲ್ಲರ್ ವಿಮಾನವಾದ್ದರಿಂದ ಮೂರು ಗಂಟೆಗೂ ಹೆಚ್ಚು ಹೊತ್ತಿನ ದಾರಿ, 11.45ಕ್ಕೆ ಇಳಿಯಬೇಕಿತ್ತು. ಗಂಟೆ ತುಂಬುವುದರೊಳಗೆ ರೇಡಾರ್‌ನಿಂದ ಮರೆಯಾಯಿತು. ಹಡಗು, ವಿಮಾನ, ಜಲಾಂತರ್ಗಾಮಿಗಳು ವಾರಗಟ್ಟಲೆ ಹುಡುಕಿದರೂ ಸುಳಿವಿಲ್ಲ. ಏಳೂವರೆ ವರ್ಷದ ಮೇಲೆ, 2024ರ ಜನವರಿಯಲ್ಲಿ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ನೌಕೆ ಕರಾವಳಿಯಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ, ಆ ವಿಮಾನದ ಚೂರುಗಳ ಚಿತ್ರ ತೆಗೆಯಿತು. 29 ಮನೆಗಳು ಅಷ್ಟು ಕಾಲ ಕಾದವು. ಈ ದಾರಿಯಲ್ಲಿ ಹಾರುವಾಗಲೆಲ್ಲ ಅವರನ್ನು ನೆನೆಯಬೇಕು.

● ಚೆನ್ನೈ–ಪೋರ್ಟ್ ಬ್ಲೇರ್ ದೂರ ಒಂದು ಬೆಳಗ್ಗೆ ಸುಮಾರು 3 ಮೀಟರ್ ಕಡಿಮೆಯಾಯಿತು ಎಂದರೆ ನಂಬುತ್ತೀರಾ? 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್‌ನ ನೆಲ ಅಷ್ಟು ಪಶ್ಚಿಮ–ನೈಋತ್ಯಕ್ಕೆ ಜರುಗಿತು, ಜೊತೆಗೆ ಒಂದು ಮೀಟರಿನ ಆಸುಪಾಸು ಕುಸಿಯಿತು. ಜಿಪಿಎಸ್ ಉಪಕರಣಗಳಿಂದ ಈ ಜರುಗುವಿಕೆಯನ್ನು ಅಳೆದವರಲ್ಲಿ ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯ ವಿಜ್ಞಾನಿಗಳೂ ಇದ್ದರು.

● ಆ ದಿನದ ಇನ್ನೊಂದು ಲೆಕ್ಕವನ್ನು ಕರಾವಳಿಯ ಪ್ರತಿಯೊಬ್ಬರೂ ತಿಳಿದಿರಬೇಕು. ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿರುತ್ತದೆ. 3,300 ಮೀಟರ್ ಆಳದ ಕಡಲಲ್ಲಿ ಅದು ಗಂಟೆಗೆ ಸುಮಾರು 650 ಕಿ.ಮೀ. ಅಂದರೆ ಜೆಟ್ ವಿಮಾನಕ್ಕಿಂತ ಸ್ವಲ್ಪವೇ ನಿಧಾನ. ಭೂಕಂಪವಾದದ್ದು ಬೆಳಗ್ಗೆ ಆರೂವರೆಗೆ. ಸುಮಾತ್ರದಿಂದ ಅಂಡಮಾನಿನವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಕಡಲಡಿಯ ನೆಲ ಬಿರಿಯಿತು. ಅಲೆ ಚೆನ್ನೈನ ದಡಕ್ಕೆ ಅಪ್ಪಳಿಸಿದ್ದು ಒಂಬತ್ತು ಗಂಟೆಯ ಸುಮಾರಿಗೆ. ವಿಮಾನ ಎರಡೂಕಾಲು ಗಂಟೆಯಲ್ಲಿ ದಾಟುವ ಕಡಲನ್ನು ಅದು ಹೆಚ್ಚುಕಡಿಮೆ ಎರಡೂವರೆ ಗಂಟೆಯಲ್ಲಿ ದಾಟಿತ್ತು. ಅಷ್ಟರಲ್ಲಿ ಕಾರ್ ನಿಕೋಬಾರ್‌ನ ವಾಯುನೆಲೆ ಕೊಚ್ಚಿಹೋಗಿತ್ತು. ಅಲ್ಲಿ ವಾಯುಪಡೆಯವರು ಮತ್ತವರ ಮನೆಯವರು ಸೇರಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ದ್ವೀಪಕ್ಕೆ ಏನೋ ಆಗಿದೆ ಎಂಬ ಸಂದೇಶ ವಾಯುಪಡೆಗೆ ಬೆಳಗ್ಗೆಯೇ ಮುಟ್ಟಿತ್ತು. ಆದರೂ ಮರೀನಾದಲ್ಲಿ ವಾಕಿಂಗ್ ಮಾಡುತ್ತಿದ್ದವರಿಗೆ, ಬಲೆ ಒಣಗಿಸುತ್ತಿದ್ದ ಮೀನುಗಾರರಿಗೆ ಹೇಳುವವರು ಯಾರೂ ಇರಲಿಲ್ಲ. ಎರಡು ಗಂಟೆ ಎಂದರೆ ಇಡೀ ದಡ ಖಾಲಿ ಮಾಡಿಸಲು ಸಾಕಾಗುವಷ್ಟು ಹೊತ್ತು. ಅದನ್ನು ನೆನೆದಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

● ಅದಾದ ಮೇಲೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಮುನ್ಸೂಚನೆ ಕೇಂದ್ರ 2007ರ ಅಕ್ಟೋಬರ್‌ನಿಂದ ಕೆಲಸ ಶುರುಮಾಡಿತು. ಕಡಲ ತಳದಲ್ಲಿಟ್ಟ ಒತ್ತಡ ಮಾಪಕಗಳು ಮೇಲೆ ಹಾದುಹೋಗುವ ಅಲೆಯ ತೂಕವನ್ನು ಗುರುತಿಸಿ, ತೇಲುಬುರುಡೆಯ ಮೂಲಕ ಉಪಗ್ರಹಕ್ಕೆ ತಿಳಿಸುತ್ತವೆ. ಚೆನ್ನೈಗೆ ಈಗ ಎರಡು ಗಂಟೆಯ ಎಚ್ಚರಿಕೆ ಸಿಗಬಹುದು. ಬಿರುಕಿನ ನೆತ್ತಿಯ ಮೇಲೇ ಕೂತಿರುವ ನಿಕೋಬಾರಿಗರಿಗೆ ಸಿಗುವುದು ಕೆಲವೇ ನಿಮಿಷ. ಅವರಿಗೆ ನೆಲದ ನಡುಕವೇ ಎಚ್ಚರಿಕೆ. ಸೈರನ್‌ಗೆ ಕಾಯದೆ ಎತ್ತರಕ್ಕೆ ಓಡಬೇಕು.

● ಪೋರ್ಟ್ ಬ್ಲೇರ್‌ನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಉತ್ತರ ಸೆಂಟಿನೆಲ್ ದ್ವೀಪವಿದೆ. ಹವೆ ತಿಳಿಯಾಗಿದ್ದರೆ ಇಳಿಯುವ ವಿಮಾನದ ಕಿಟಕಿಯಿಂದ ದಟ್ಟ ಹಸಿರು, ಸುತ್ತ ತಿಳಿನೀಲಿ ಅಂಚು ಕಾಣುವುದುಂಟು. ಅಲ್ಲಿನ ಜನ ಹೊರಗಿನವರ ನಂಟು ಬೇಡವೆಂದಿದ್ದಾರೆ, 1956ರ ನಿಯಮವೊಂದು ಅವರ ಮಾತಿಗೆ ಕಾವಲಿದೆ. ಆಕಾಶದಿಂದಲೇ ನೋಡಿ ಮುಂದೆ ಹೋಗುವುದೇ ಸರಿ.

● 2020ರ ಆಗಸ್ಟ್ 10ರಂದು ಚೆನ್ನೈಯಿಂದ ಅಂಡಮಾನ್–ನಿಕೋಬಾರ್‌ಗೆ ಕಡಲಡಿಯ ಕೇಬಲ್ ಉದ್ಘಾಟನೆಯಾಯಿತು. ದ್ವೀಪಗಳನ್ನೆಲ್ಲ ಸುತ್ತಿ ಅದರ ಉದ್ದ 2,300 ಕಿ.ಮೀ. ಅಲ್ಲಿಯವರೆಗೆ ಫೋನು, ಇಂಟರ್‌ನೆಟ್ಟು ಎಲ್ಲಕ್ಕೂ ಉಪಗ್ರಹವೇ ಗತಿ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಆ ಲೆಕ್ಕದಲ್ಲಿ 1,370 ಕಿ.ಮೀ.ಗೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ಏಳು ಭಾಗ. ಉಪಗ್ರಹದ ದಾರಿಯಲ್ಲಿ ಅದೇ ಮಾತು 36,000 ಕಿ.ಮೀ. ಮೇಲಕ್ಕೆ ಏರಿ, ಅಷ್ಟೇ ಕೆಳಗೆ ಇಳಿಯಬೇಕಿತ್ತು.

● ಪಡುಗಡಲಿಗೂ ಒಂದು ಮಾತು. ಲಕ್ಷದ್ವೀಪದ ಅಗತ್ತಿಗೆ ಕೊಚ್ಚಿಯಿಂದ ಸುಮಾರು 465 ಕಿ.ಮೀ., ಮಂಗಳೂರಿನಿಂದ ಸುಮಾರು 380. ಹತ್ತಿರದ್ದು ನಮ್ಮೂರೇ! ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರರ ಆಡಳಿತ ಅಲ್ಲಿತ್ತು.

● ‘ಅಂಡಮಾನ್ ಎರಡು ಗಂಟೆಯ ದಾರಿ’ ಎಂದಾಗ ನಾವು ಹೇಳುತ್ತಿರುವುದು ಪೋರ್ಟ್ ಬ್ಲೇರ್‌ನ ಮಾತು ಮಾತ್ರ. ಗ್ರೇಟ್ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇ ಚೆನ್ನೈಯಿಂದ ನೇರವಾಗಿ ಸುಮಾರು 1,640 ಕಿ.ಮೀ., ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗಿರುವಷ್ಟೇ. ಆದರೆ ಅಲ್ಲಿಯವರು ಚೆನ್ನೈಯ ಆಸ್ಪತ್ರೆಗೆ ಬರಬೇಕಾದರೆ ಮೊದಲು ಉತ್ತರಕ್ಕೆ ಐನೂರಕ್ಕೂ ಹೆಚ್ಚು ಕಿ.ಮೀ. ಬಂದು ಪೋರ್ಟ್ ಬ್ಲೇರ್ ಸೇರಬೇಕು. ಹೆಲಿಕಾಪ್ಟರಿನಲ್ಲಿ ಸೀಟು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಹಡಗು, ದಾರಿಯಲ್ಲಿ 10 ಡಿಗ್ರಿ ಕಾಲುವೆಯ ಸುಮಾರು 150 ಕಿ.ಮೀ. ತೆರೆದ ಕಡಲು. ಆಮೇಲೆ ಚೆನ್ನೈ ವಿಮಾನ.